ತುಳಸಿಕಟ್ಟೆಯವರೆಗೆ ಮೂರು ಮೆಟ್ಟಿಲು: ಮನೆಯ ಹಿರಿಯರ ಆರೈಕೆ ಹೀಗೆ ಶುರು ಮಾಡಿ

ನಮ್ಮ ದೊಡ್ಡಮ್ಮನಿಗೆ 82 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ಮನೆ. ಜಗಲಿಯಿಂದ ಅಂಗಳಕ್ಕೆ ಮುರಕಲ್ಲಿನ ಮೂರು ಮೆಟ್ಟಿಲು. ಕಳೆದ ಮಳೆಗಾಲದಿಂದ ಅವರು ಅದನ್ನು ಇಳಿದೇ ಇರಲಿಲ್ಲ. ವಯಸ್ಸಾಯ್ತಲ್ಲ ಎಂದು ನಾವೂ ಸುಮ್ಮನಿದ್ದೆವು. ಮನೆಗೆ ಬಂದ ಪಾಲಿಯೇಟಿವ್ (ಉಪಶಮನ ಆರೈಕೆಯ) ಸಿಸ್ಟರ್, ಅಂದರೆ ನರ್ಸ್, ಅರೆಬರೆ ಕನ್ನಡದಲ್ಲಿ ಕೇಳಿದರು: "ಅಜ್ಜಿಗೆ ಏನು ಮಾಡ್ಬೇಕು ಅಂತ ಆಸೆ?"

"ತುಳಸಿಗೆ ನಾನೇ ನೀರು ಹಾಕ್ಬೇಕು."

ನೀವೂ ಇಲ್ಲಿಂದಲೇ ಶುರು ಮಾಡಿ. ಗುರಿ ಹಿರಿಯರದ್ದೇ ಆಗಿರಲಿ.

ಸಿಸ್ಟರ್ ಸಿಗುವುದು ಹೇಗೆ? ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ನೀತಿ ಬಂದಿದೆ. ಪಂಚಾಯತಿನ ಹೋಂ ಕೇರ್ ತಂಡದಲ್ಲಿ ನರ್ಸ್ ಇರುತ್ತಾರೆ. ಹೊರಗೆ ಹೋಗಲಾಗದವರು ಮನೆಯಲ್ಲಿದ್ದರೆ ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರಿಗೋ ಹೇಳಿ.

ಆಮೇಲೆ ನಡಿಗೆ ನೋಡಿ. ಜಗಲಿಯಲ್ಲಿ 4 ಮೀಟರ್ ಅಳೆದು, ಪಕ್ಕದಲ್ಲೇ ನಿಂತು ನಡೆಸಿ. 5 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಸಿಸ್ಟರಿಗೆ ತಿಳಿಸಿ. ಬಿಪಿಯನ್ನು ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ 3 ನಿಮಿಷದೊಳಗೆ ಇನ್ನೊಮ್ಮೆ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಗೊತ್ತಾಗಬೇಕು. ರಾತ್ರಿ ಬಚ್ಚಲಿಗೆಂದು ಗಡಬಡಿಸಿ ಎದ್ದು ಬೀಳುವುದಕ್ಕೆ ಇದೂ ಒಂದು ಕಾರಣ. ಮಂಚದ ಅಂಚಿನಲ್ಲಿ ಸ್ವಲ್ಪ ಕೂತು, ಪಾದ ಆಡಿಸಿ, ಆಮೇಲೆ ಏಳಲಿ.

ಕಾಲಿಗೆ ಬಲ ಬರಲು ಕುರ್ಚಿ ಸಾಕು. ಅದನ್ನು ಗೋಡೆಗೆ ಒತ್ತಿಡಿ. ಕೂತು ಏಳುವುದು, ಎದ್ದು ಕೂರುವುದು. ಎಷ್ಟು ಸಲ ಅಂತ ಸಿಸ್ಟರ್ ಹೇಳಲಿ. ದೊಡ್ಡಮ್ಮ ಮೊದಲ ದಿನ ಎರಡೂ ಕೈ ಊರಿ, ಉಸಿರು ಬಿಗಿಹಿಡಿದು, ಮೂರು ಸಲ ಎದ್ದರು. ಉಸಿರು ಬಿಡ್ತಾ ಏಳಿ ಎಂದು ಸಿಸ್ಟರ್ ತಿದ್ದಿದರು.

ಗಂಜಿ ಉಪ್ಪಿನಕಾಯಿಯಷ್ಟೇ ಸಾಲದು. ತೂಕದ ಕಿಲೋ ಒಂದಕ್ಕೆ ದಿನಕ್ಕೆ 1 ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು. ಗಂಜಿಗೆ ಹೆಸರುಕಾಳು, ಜೊತೆಗೆ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಬದಲಿಸಿ.

ನಮ್ಮ ಕಡೆ ನಿಜವಾದ ಕಷ್ಟ ಮಾತ್ರೆಯದ್ದು. ಚೀಟಿ ಇಂಗ್ಲಿಷಿನಲ್ಲಿ, ಸಿಸ್ಟರ್ ಹೇಳುವುದು ಮಲಯಾಳದಲ್ಲಿ, ದೊಡ್ಡಮ್ಮ ಓದುವುದು ಕನ್ನಡ ಮಾತ್ರ. ಹೂಂ ಹೂಂ ಎಂದು ತಲೆಯಾಡಿಸಿ, ಬೆಳಗಿನ ಬಿಪಿ ಮಾತ್ರೆಯನ್ನು ರಾತ್ರಿಯೂ ನುಂಗಿದ್ದರು. ಹಾಗಾಗಿ ಎರಡೂ ಭಾಷೆ ಬಲ್ಲ ಮೊಮ್ಮಗಳನ್ನು ಕೂರಿಸಿಕೊಂಡು ನೋಟ್‌ಬುಕ್ ಮಾಡಿದೆವು. ದಪ್ಪ ಕನ್ನಡ ಅಕ್ಷರ, ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ. "ಗೊತ್ತಾಯ್ತಾ?" ಎಂದು ಕೇಳಬೇಡಿ, ಯಾರಾದರೂ ಹೂಂ ಅಂತಾರೆ. "ಯಾವುದನ್ನು ಯಾವಾಗ ತಗೊಳ್ತೀರಿ, ತೋರಿಸಿ" ಅನ್ನಿ. ತಪ್ಪು ಅಲ್ಲೇ ಕಾಣುತ್ತದೆ.

ಬಿದ್ದರೆ, ಇದ್ದಕ್ಕಿದ್ದಂತೆ ಗುರುತು ತಪ್ಪಿ ಮಾತಾಡಿದರೆ, ಮೂತ್ರ ತೀರಾ ಕಮ್ಮಿಯಾದರೆ ಸಿಸ್ಟರ್ ಬರುವ ದಿನಕ್ಕೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಕೇರಳದ ದಿಶಾ ಸಹಾಯವಾಣಿ 1056 ಇದೆ. ಈ ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿಡಿ.

ದೊಡ್ಡಮ್ಮ ಈಗ ಒಬ್ಬರ ಕೈ ಹಿಡಿದು ಎರಡು ಮೆಟ್ಟಿಲು ಇಳಿಯುತ್ತಾರೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಪೈಪ್ ಹಾಕಿಸಲು ವೆಲ್ಡಿಂಗಿನವರಿಗೆ ಹೇಳಿದ್ದೇವೆ.