ಒಂಬತ್ತನೆಯ ಚೀಲ

ಸೆಪ್ಟೆಂಬರ್ 3ಕ್ಕೆ ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್. ಕೋವಿ, ಕತ್ತಿಗಳನ್ನು ಸಾಲಾಗಿಟ್ಟು, ಕೋವಿಯ ಬಾಯಿಗೆ ತೋಕ್‌ಪೂ ಎಂಬ ಕಾಡುಹೂ ಸಿಕ್ಕಿಸಿ ಪೂಜೆ ಮಾಡಿ, ಕಡಂಬಿಟ್ಟು ಪಂದಿಕರಿ ಉಣ್ಣುವ ದಿನ. ನಾನೀಗ ಇರುವ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತಲೂ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯ ಹಂಗಾಮು ಶುರುವಾಗುವುದು ಸೆಪ್ಟೆಂಬರ್ ಮೊದಲಲ್ಲೇ. ಇಲ್ಲಿ ತೋಕ್‌ಪೂ ಎಲ್ಲಿಂದ ಬರಬೇಕು? ಫೈರ್‌ವೀಡ್ ಗಿಡ ಆ ಹೊತ್ತಿಗೆ ಹೂ ಮುಗಿಸಿ ಹತ್ತಿಯಾಗಿ ಹಾರುತ್ತಿರುತ್ತದೆ, ಎಲೆ ಮಾತ್ರ ಕೆಂಪಗಿರುತ್ತದೆ. ಆ ಎಲೆಯನ್ನೇ ಕೋವಿಗೆ ಸಿಕ್ಕಿಸಿ ಕೈಮುಗಿದು ಹೊರಟೆ.

ನನ್ನ ಅಜ್ಜ ಬೇಟೆಗಾರರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವರ ಕೋವಿ ಹಬ್ಬಕ್ಕೆ, ಸಾವಿಗೆ ಮಾತ್ರ ಸದ್ದು ಮಾಡಿತು. ಅದು ಸರಿಯೇ ಆಯಿತು ಎಂದು ಅವರೇ ಹೇಳುತ್ತಿದ್ದರು. ಹಾಗಾಗಿ ನಾನು ಬೇಟೆ ಕಲಿತದ್ದು ಇಲ್ಲಿ. ಹನ್ನೆರಡು ತಿಂಗಳು ನೆಲೆಸಿದ ಮೇಲೆ ಸ್ಥಳೀಯರ ಪರವಾನಗಿ ಸಿಕ್ಕಿತು. ಕಲಿಸಿದವರು ಪಕ್ಕದ ಮನೆಯ ಹಿರಿಯರು, ನಲವತ್ತು ವರ್ಷಗಳಿಂದ ಪ್ರತಿ ಚಳಿಗಾಲವೂ ಮೂಸ್ ಮಾಂಸ ಉಂಡವರು.

ನೆನಾನಾ ಊರಿನ ಬಳಿ ದೋಣಿ ಇಳಿಸಿ ತನಾನಾ ನದಿಯಲ್ಲಿ ಕೆಳಗೆ ಹೋಗಿ, ಅಲ್ಲಿಂದ ಒಂದು ಕವಲು ಹೊಳೆ ಹಿಡಿದು ಮೇಲೆ ಹೋದೆವು. ಮೊಬೈಲ್ ಸಿಗ್ನಲ್ ಇಲ್ಲ, ದಾರಿಯಿಲ್ಲ, ಇರುವುದು ಉಪಗ್ರಹಕ್ಕೆ ಸಂದೇಶ ಕಳಿಸುವ ಅಂಗೈಯಗಲದ ಸಾಧನ ಒಂದೇ. ಬಿಡಾರ ಹಾಕಿದ ಕ್ರಮ ಹೀಗೆ: ಮಲಗುವ ಡೇರೆ ಒಂದು ಕಡೆ, ಅಡುಗೆ ನೂರು ಮೀಟರ್ ದೂರ, ತಿನ್ನುವ ಸಾಮಾನಿನ ಡಬ್ಬಿಗಳು ಇನ್ನೊಂದು ಕಡೆ ಅಷ್ಟೇ ದೂರ. ಅಡುಗೆ ಮಾಡಿದ ಬಟ್ಟೆಯಲ್ಲಿ ಡೇರೆಯೊಳಗೆ ಹೋಗುವಂತಿಲ್ಲ. ಹಲ್ಲುಜ್ಜುವ ಪೇಸ್ಟು ಕೂಡ ಡಬ್ಬಿಯೊಳಗೇ. ಅಲ್ಲಿ ಕಪ್ಪು ಕರಡಿಯೂ ಇದೆ, ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯೂ ಇದೆ. ಚಳಿನಿದ್ದೆಗೆ ಮುಂಚಿನ ಆ ವಾರಗಳಲ್ಲಿ ಒಂದು ಕರಡಿ ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನುತ್ತದೆ. ಅದರ ಮೂಗಿಗೆ ನಮ್ಮ ಬೇಳೆಸಾರು ದೊಡ್ಡ ಕರೆಯೋಲೆ.

ಮೊದಲ ಮೂರು ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಳೆ, ಕೆಸರು, ಕಾಯುವುದು.

ನಾಲ್ಕನೆಯ ದಿನ ಸಂಜೆ ನಾಲ್ಕಕ್ಕೆ ಹಿರಿಯರು ಎರಡೂ ಕೈ ಬಾಯಿಗಿಟ್ಟು ಹೆಣ್ಣು ಮೂಸ್ ಕೂಗುವಂತೆ ನೀಳವಾಗಿ ಕೂಗಿದರು. ಆಮೇಲೆ ಒಣಗಿದ ಭುಜದ ಮೂಳೆಯೊಂದನ್ನು ವಿಲೋ ಪೊದೆಗೆ ಉಜ್ಜಿದರು, ಗಂಡೊಂದು ಕೊಂಬು ತಿಕ್ಕುವ ಹಾಗೆ. ಅರ್ಧ ಗಂಟೆಯಾದ ಮೇಲೆ ಪೊದೆಯೊಳಗಿಂದ ಗೊರ್ ಗೊರ್ ಎನ್ನುವ ಸದ್ದು, ಹಿಂದೆಯೇ ಕೊಂಬು. ನಮ್ಮ ಕಡವೆಯನ್ನು ಕಂಡವರು ಅದರ ಎರಡರಷ್ಟು ತೂಕದ ಪ್ರಾಣಿಯನ್ನು ಊಹಿಸಿಕೊಳ್ಳಿ. ಹಿರಿಯರು ನನ್ನ ತೋಳು ಹಿಡಿದು ತಡೆದರು. ಅದಿನ್ನೂ ನೀರಿನಲ್ಲಿತ್ತು. ನೀರಿನಲ್ಲಿ ಬಿದ್ದ ಮೂಸನ್ನು ಇಬ್ಬರು ಮನುಷ್ಯರು ಅಲುಗಾಡಿಸಲಾರರು. ಅದು ದಡ ಹತ್ತಿ ಅಡ್ಡ ನಿಂತಾಗ ಕೋವಿಯ ಕುದುರೆ ಎಳೆದೆ. ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು. ಆದರೂ ಇಪ್ಪತ್ತು ನಿಮಿಷ ಕೂತೇ ಇದ್ದೆವು. ಬಿದ್ದ ಪ್ರಾಣಿಯ ಹತ್ತಿರ ಕೂಡಲೇ ಹೋಗಬಾರದು ಎಂದು ಅಜ್ಜನೂ ಹೇಳುತ್ತಿದ್ದರು.

ಬೇಟೆ ಎಂದರೆ ಇಷ್ಟೇ ಎಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ನಿಜವಾದ ಕೆಲಸ, ಕರಡಿಯ ಭಯವೂ ಸೇರಿ, ಶುರುವಾಗುವುದು ಇಲ್ಲಿಂದ. ತಿನ್ನಬಹುದಾದ ಮಾಂಸವೆಲ್ಲ ಕಾಡಿನಿಂದ ಹೊರಗೆ ಬರಲೇಬೇಕು ಎನ್ನುವುದು ಅಲಾಸ್ಕಾದ ಕಾನೂನು. ಮಾಂಸ ಬಿಟ್ಟು ಕೊಂಬು ತಂದವನಿಗೆ ಶಿಕ್ಷೆ. ಈ ಕಾನೂನನ್ನು ನಾನು ಮನಸಾರೆ ಒಪ್ಪುತ್ತೇನೆ.

ಮೂಸಿನ ಚರ್ಮ ದಪ್ಪ ಕಂಬಳಿ. ಹೊರಗೆ ಎಷ್ಟೇ ಚಳಿಯಿದ್ದರೂ ಅದರೊಳಗೆ ಮಾಂಸ ಬಿಸಿಯಾಗೇ ಉಳಿದು ತೊಡೆಸಂದಿನ ಮೂಳೆಯ ಬಳಿಯಿಂದ ಹುಳಿಯುತ್ತದೆ. ಹಾಗಾಗಿ ಮೊದಲು ಮೇಲ್ಮಗ್ಗುಲಿನ ಚರ್ಮ ಸುಲಿದೆವು. ಮುಂಗಾಲು ಬಿಡಿಸಲು ಮೂಳೆ ಕಡಿಯಬೇಕಿಲ್ಲ, ಭುಜದಡಿ ಚೂರಿ ಆಡಿಸಿದರೆ ಸಾಕು. ಹಿಂತೊಡೆಗೆ ಕೀಲು ಹುಡುಕಬೇಕು. ಒಬ್ಬರು ಕಾಲನ್ನು ಭುಜದ ಮೇಲೆ ಹೊತ್ತು ನಿಲ್ಲಬೇಕು, ಇನ್ನೊಬ್ಬರು ಕೊಯ್ಯಬೇಕು. ಚೂರಿ ಹತ್ತು ನಿಮಿಷಕ್ಕೆ ಮೊಂಡಾಗುತ್ತದೆ, ಮಸೆಯುತ್ತಲೇ ಇರಬೇಕು. ಕೋವಿ ಕೈಗೆಟಕುವಷ್ಟು ಹತ್ತಿರ, ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇ ಸೊಂಟದಲ್ಲಿ. ಕೊಯ್ಯುವವರು ತಲೆ ಬಗ್ಗಿಸಿದಾಗ ಇನ್ನೊಬ್ಬರು ತಲೆಯೆತ್ತಿ ಪೊದೆ ನೋಡುತ್ತಿರಬೇಕು. ಗಾಳಿಯಾಡುವ ಬಟ್ಟೆಚೀಲಗಳಿಗೆ ತುಂಬಿದೆವು: ತೊಡೆ ಎರಡು, ಮುಂಗಾಲು ಎರಡು, ಪಕ್ಕೆ ಎರಡು, ಬೆನ್ನಿನ ಮಾಂಸ ಒಂದು, ಚೂರುಪಾರು ಒಂದು, ಕೊರಳಿನದು ಒಂದು. ಒಟ್ಟು ಒಂಬತ್ತು.

ಕರುಳು ಪಚ್ಚಿ ಬಿದ್ದಲ್ಲಿ ಮಾಂಸ ಇಡಬಾರದು. ಕನಿಷ್ಠ ನೂರು ಮೀಟರ್ ಆಚೆ, ನಾಳೆ ದೂರದಿಂದಲೇ ಕಣ್ಣಿಗೆ ಕಾಣುವ ಬಯಲಿನಲ್ಲಿ ಇಡಬೇಕು. ಹೊಳೆಯಂಚಿನ ಕಲ್ಲುದಿಣ್ಣೆಯ ಮೇಲೆ ಕಂಬ ಕಟ್ಟಿ, ಮೇಲೆ ಟಾರ್ಪಾಲು ಹಾಕಿ, ಒಂದೊಂದೇ ಚೀಲ ಹೊತ್ತು ತಂದು ನೇತುಹಾಕಿದೆವು. ಎಂಟನೆಯದು ಬಂದಾಗ ರಾತ್ರಿ ಹನ್ನೊಂದು. ಕೊರಳಿನ ಚೀಲ ಅಲ್ಲೇ ವಿಲೋ ಕೊಂಬೆಯಲ್ಲಿತ್ತು. ಹಿರಿಯರ ಮೊಣಕಾಲು ಸೋತಿತ್ತು, ಹೋಗಿ ತರಬೇಕಾದವನು ನಾನು. ಬೆಳಿಗ್ಗೆ ತರುತ್ತೇನೆ ಎಂದೆ. ಆ ಮಾತನ್ನು ಇವತ್ತಿಗೂ ಮರೆತಿಲ್ಲ.

ಕತ್ತಲಲ್ಲಿ ಬಿಡಾರದವರೆಗೆ ದೋಣಿ ಓಡಿಸುವಂತಿರಲಿಲ್ಲ. ಹೊಳೆಯಲ್ಲಿ ಬಿದ್ದ ಮರಗಳು ಅಡ್ಡಡ್ಡ ಚಾಚಿಕೊಂಡಿದ್ದವು. ದೋಣಿಯನ್ನು ಎದುರು ದಡಕ್ಕೆ ಒಯ್ದು ಬಯಲಲ್ಲೇ ರಾತ್ರಿ ಕಳೆದೆವು. ಮೂರು ದಿನದ ಮಳೆಗೆ ಕಟ್ಟಿಗೆಯೆಲ್ಲ ನೆನೆದಿತ್ತು. ಆದರೆ ಬರ್ಚ್ ತೊಗಟೆಯಲ್ಲಿ ಎಣ್ಣೆಯಂಶವಿದೆ, ಒದ್ದೆಯಿದ್ದರೂ ಕಪ್ಪು ಹೊಗೆ ಕಾರುತ್ತ ಹತ್ತಿಕೊಳ್ಳುತ್ತದೆ. ಸ್ಪ್ರೂಸ್ ಮರದ ಬುಡದಲ್ಲಿ, ಮೇಲಿನ ರೆಂಬೆಗಳ ಮರೆಯಲ್ಲಿ, ಒಣಗಿ ನಿಂತ ಪುಳ್ಳೆ ಎಂಥ ಮಳೆಯಲ್ಲೂ ಸಿಗುತ್ತದೆ. ಬೆವರಿನಲ್ಲಿ ತೊಯ್ದ ಅಂಗಿ ಬಿಚ್ಚಿ ಉಣ್ಣೆಯದು ಹಾಕಿಕೊಂಡೆ. ಹತ್ತಿ ಬಟ್ಟೆ ಅಲ್ಲಿ ಶತ್ರು, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಬೆಳಗಿನ ಜಾವ ನೀರಿನ ಬಾಟಲಿಯಲ್ಲಿ ಮಂಜುಗಡ್ಡೆ ಕಟ್ಟಿತ್ತು.

ಬೆಳಕಾದ ಮೇಲೆ ಹೊಳೆಯ ನಡುವೆ ದೋಣಿ ನಿಲ್ಲಿಸಿ ದುರ್ಬೀನು ಹಿಡಿದೆವು. ಎಂಟು ಚೀಲ ಇದ್ದಂತೆಯೇ ಇದ್ದವು. ಪಚ್ಚಿ ಬಿದ್ದಿದ್ದ ಜಾಗದಲ್ಲಿ ಹೊಸ ಮಣ್ಣಿನ ಗುಡ್ಡೆಯೊಂದು ಎದ್ದಿತ್ತು, ಹುಲ್ಲು ಪಾಚಿಯೆಲ್ಲ ಕೆದರಿ ಎಳೆದು ಮುಚ್ಚಿದ್ದು. ಗುಡ್ಡೆಯ ಮೇಲೆ ಕಂದು ಬಣ್ಣದ್ದೇನೋ ಮಲಗಿತ್ತು. ಎದ್ದು ನಿಂತಾಗ ಭುಜದ ಮೇಲಿನ ಗೂನು ಕಂಡಿತು. ಗ್ರಿಜ್ಲಿ. ಕೊಂಬೆಯಲ್ಲಿ ಚೀಲ ಇರಲಿಲ್ಲ.

ಕೂಗಿದೆವು, ಹುಟ್ಟಿನಿಂದ ದೋಣಿ ಬಡಿದೆವು. ಒಂದೂವರೆ ಗಂಟೆಯ ಮೇಲೆ ಅದು ಪೊದೆಯೊಳಗೆ ಸರಿಯಿತು. ಹಿರಿಯರು ಕೋವಿ ಹಿಡಿದು ನಿಂತರು, ನಾನು ಚೀಲ ಹೊತ್ತೆ. ಆರನೆಯ ಚೀಲಕ್ಕೆ ಕೈ ಹಾಕಿದಾಗ ಕರಡಿ ಮತ್ತೆ ಹೊರಬಂತು, ನಲವತ್ತು ಮೀಟರಿನಲ್ಲಿ. ಉಸ್ಸೆಂದು ಉಸಿರು ಬಿಡುತ್ತ ದವಡೆ ಕಟಕಟನೆ ಬಡಿಯುತ್ತಿತ್ತು. ಓಡಬಾರದು. ಸ್ಪ್ರೇಯ ಸುರಕ್ಷಾ ಕೊಕ್ಕೆ ತೆಗೆದೆ, ಅದು ಕೆಲಸ ಮಾಡುವುದು ಎಂಟೊಂಬತ್ತು ಮೀಟರಿನೊಳಗೆ, ಅದೂ ಏಳೆಂಟು ಸೆಕೆಂಡು. ತಗ್ಗಿದ ದನಿಯಲ್ಲಿ ಮಾತಾಡುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ನಾನು ಕೊಡವ ತಕ್ಕಿನಲ್ಲಿ ಮಾತಾಡುತ್ತಿದ್ದೆನಂತೆ, ಒಂದು ಪದವೂ ಅರ್ಥವಾಗಲಿಲ್ಲ ಎಂದು ಹಿರಿಯರು ಆಮೇಲೆ ಹೇಳಿದರು. ಕರಡಿ ನಮ್ಮನ್ನು ಬಹಳ ಹೊತ್ತು ನೋಡಿತು. ಆಮೇಲೆ ತನ್ನ ಗುಡ್ಡೆಗೆ ಮರಳಿ ನಮಗೆ ಬೆನ್ನು ಹಾಕಿ ಮಲಗಿತು. ಉಳಿದ ಚೀಲಗಳನ್ನು ಸದ್ದಿಲ್ಲದೆ ದೋಣಿಗೆ ಹಾಕಿದೆವು.

ಹೊಡೆಯಬಹುದಿತ್ತಲ್ಲ ಎಂದು ಊರಿಂದ ಫೋನ್ ಮಾಡಿದ ತಮ್ಮ ಕೇಳಿದ. ಆ ಮಾಂಸವಿಲ್ಲದೆ ಬದುಕಲಾಗದು ಎನ್ನುವಂಥ ಸ್ಥಿತಿ ಇಲ್ಲದಿದ್ದರೆ ಬೇಟೆಯ ಮಾಂಸ ಉಳಿಸಿಕೊಳ್ಳಲು ಕರಡಿಯನ್ನು ಕೊಲ್ಲುವಂತಿಲ್ಲ. ಕಾನೂನು ಇರದಿದ್ದರೂ ನನ್ನ ಕೈ ಏಳುತ್ತಿರಲಿಲ್ಲ. ತಪ್ಪು ನನ್ನದು, ಚೀಲ ಬಿಟ್ಟುಬಂದವನು ನಾನು.

ಮನೆಯಲ್ಲಿ ಮೇಜಿನ ಮೇಲೆ ಪಾಲು ಹಾಕಿದೆವು. ಅಜ್ಜನ ಕಾಲದಲ್ಲಿ ಜೊತೆಗೆ ಬಂದ ನಾಯಿಗಳಿಗೂ ಒಂದು ಪಾಲು ಇರುತ್ತಿತ್ತು. ಕೊರಳಿನ ಮಾಂಸ ಹಿರಿಯರ ಹೆಂಡತಿಗೆ ಇಷ್ಟ, ನಿಧಾನ ಉರಿಯಲ್ಲಿ ದಿನವಿಡೀ ಬೇಯಿಸುತ್ತಾರೆ. ಅದರ ಬದಲಿಗೆ ನನ್ನ ಪಾಲಿನ ಬೆನ್ನಿನ ಮಾಂಸ ಅವರಿಗೆ ಕೊಟ್ಟೆ. ಉಳಿದದ್ದರಲ್ಲಿ ಒಂದಷ್ಟನ್ನು ಅಮ್ಮ ಕಳಿಸಿದ ಕಾಚಂಪುಳಿಯ ಕಪ್ಪು ಹುಳಿರಸ ಹಾಕಿ ಪಂದಿಕರಿಯ ಹಾಗೇ ಮಾಡಿದೆ. ಮೂಸಿನಲ್ಲಿ ಕೊಬ್ಬು ಕಡಿಮೆ, ಒಂದು ಚಮಚ ತುಪ್ಪ ಹೆಚ್ಚು ಬೇಕಾಯಿತು. ಈ ವರ್ಷದ ಚೀಲಗಳ ಮೇಲೆ ದಪ್ಪ ಮಸಿಯಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದಿಟ್ಟಿದ್ದೇನೆ.