ಹಳೆ ಬೋಟಿಗೆ ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸುವ ಮೊದಲು

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳು ದಡದಲ್ಲೇ ಇರುತ್ತವೆ, ಎಂಜಿನ್ ಬದಲಿಸುವ ಮಾತು ಬರುವುದೂ ಆಗಲೇ ಅಲ್ವಾ. ಮಲ್ಪೆ, ಮಂಗಳೂರು ಕಡೆಯವರೇ, ಮೊದಲು ಬೋಟನ್ನೇ ನೋಡಿ. ಮರದ ಬೋಟಾದರೆ ಎಂಜಿನ್ ಕೂರುವ ದಿಮ್ಮಿಗೆ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಒಳಗೆ ಹೋದರೆ ಮೊದಲು ದುಡ್ಡು ಹಾಕಬೇಕಾದ್ದು ಅಲ್ಲಿಗೆ.

ಎಂಜಿನ್ ನೋಡಲು ಹೋಗುವಾಗ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಜೋರಾಗಿ ನುಗ್ಗಿದರೆ ಪಿಸ್ಟನ್ ಸುತ್ತಲಿನ ರಿಂಗ್, ಸಿಲಿಂಡರಿನ ಒಳಗೋಡೆಯಾದ ಲೈನರ್ ಸವೆದಿರುತ್ತವೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬಿಟ್ಟು ಬನ್ನಿ.

ಲಾರಿಯಿಂದ ತೆಗೆದ ಎಂಜಿನ್ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಎಂಜಿನ್ ನೀರನ್ನು ಸಮುದ್ರದ ನೀರಿನಿಂದ ತಣ್ಣಗಾಗಿಸುವ ಹೀಟ್ ಎಕ್ಸ್‌ಚೇಂಜರ್, ಉಪ್ಪುನೀರಿನ ಪಂಪ್, ಮರೀನ್ ಗೇರ್‌ಬಾಕ್ಸ್ ಎಲ್ಲಾ ಬೇರೆ ಹಾಕಿಸಬೇಕು, ಎಂಜಿನ್ ಎಷ್ಟು ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು ಎನ್ನುವ ಗೇರ್ ರೇಶಿಯೋ ಬದಲಾದರೆ ಪ್ರೊಪೆಲ್ಲರ್ ಕೂಡ ಬದಲಿಸಬೇಕಾಗಬಹುದು, ಇದನ್ನೆಲ್ಲ ಕೂಡಿಸಿದರೆ ಎಷ್ಟೋ ಸಲ ನಿಮ್ಮದೇ ಹಳೆ ಎಂಜಿನ್‌ಗೆ ಲೈನರ್, ಪಿಸ್ಟನ್ ಹಾಕಿಸುವುದು ಕಡಿಮೆಗೆ ಮುಗಿಯುತ್ತದೆ. ಬಿಡಿಭಾಗ ಊರಲ್ಲೇ ಸಿಗುತ್ತದಾ ಕೇಳಿ. ಬಿಲ್ ಇಲ್ಲದ, ನಂಬರ್ ಉಜ್ಜಿದ ಎಂಜಿನ್ ಎಷ್ಟೇ ಅಗ್ಗವಾದರೂ ಬೇಡ.