ಪಾರ್ಕಿನ್ಸನ್ ಇದ್ದವರ ಮೂಳೆ ಜೋಪಾನ: ಮೊದಲು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ

ನಮ್ಮ ಯಜಮಾನರಿಗೆ ಪಾರ್ಕಿನ್ಸನ್ ಬಂದ ಆರನೇ ವರ್ಷ ಅವರ ಪಂಚೆ ನೆಲಕ್ಕೆ ತಾಗತೊಡಗಿತು. ಬೆನ್ನು ಬಾಗಿದೆ, ಅದಕ್ಕೇ ಹೀಗೆ ಅಂದುಕೊಂಡು ಒಂದು ಮಡಿಕೆ ಮೇಲಕ್ಕೆ ಉಡಿಸುತ್ತಿದ್ದೆ. ರಾತ್ರಿ ಮಗ್ಗುಲು ಬದಲಿಸುವಾಗ ನರಳುತ್ತಿದ್ದರು. ಅದನ್ನೂ ಪಾರ್ಕಿನ್ಸನ್ ತರುವ ಮೈ ಬಿಗಿತದ ಲೆಕ್ಕಕ್ಕೇ ಸೇರಿಸಿದೆವು. ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದಾಗ ಬೆನ್ನಿನ ಎಕ್ಸ್‌ರೇ ಕೂಡ ತೆಗೆಸಿದರು. ಬೆನ್ನೆಲುಬಿನ ಎರಡು ಮಣಿಗಳು ಯಾವತ್ತೋ ಕುಸಿದು ಕೂತಿದ್ದವು. ಅಷ್ಟು ವರ್ಷ ತೋರಿಸಿದ ಕಡೆ ಒಬ್ಬರೂ ಮೂಳೆಯ ಮಾತೆತ್ತಿರಲಿಲ್ಲ. ನಾವೂ ಕೇಳಿರಲಿಲ್ಲ. ನೀವು ಕೇಳಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ಆದಷ್ಟು ನೆಟ್ಟಗಾಗಲು ಹೇಳಿ, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲ್ ಗುರುತು ಹಾಕಿ. ಇವರು ಬಸ್ ಡ್ರೈವರ್ ಆಗಿದ್ದವರು, ಸರ್ವಿಸ್ ರಿಜಿಸ್ಟರ್‌ನಲ್ಲಿ 170 ಸೆಂ.ಮೀ. ಅಂತಿತ್ತು. ನಾನು ಅಳೆದಾಗ 165. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಇಳಿದಿದ್ದರೆ ಬೆನ್ನಿನ ಎಕ್ಸ್‌ರೇ ಬೇಕೇ ಅಂತ ಡಾಕ್ಟರನ್ನು ಕೇಳಿ. ಬಾಗಿದ ಬೆನ್ನು ಅಳತೆಯನ್ನು ತಪ್ಪಿಸುತ್ತದೆ ನಿಜ, ಆದರೆ ಆ ಬಾಗಿನ ಹಿಂದೆಯೇ ಮುರಿತವೂ ಅಡಗಿ ಕೂರುತ್ತದೆ.

ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರ ವರದಿಯಲ್ಲಿ ಬರುವ ಟಿ-ಸ್ಕೋರ್ ಅನ್ನುವ ಅಂಕಿ ಮೈನಸ್ 1ರವರೆಗೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಮೂಳೆ ಸವೆತ, ಅಂದರೆ ಆಸ್ಟಿಯೊಪೊರೋಸಿಸ್. ಇದು ಹೆಂಗಸರ ಕಾಯಿಲೆ ಅಂತ ಗಂಡಸರನ್ನು ಬಿಡಬೇಡಿ. ಪಾರ್ಕಿನ್ಸನ್‌ನಲ್ಲಿ ಓಡಾಟ ಕಡಿಮೆ, ಬಿಸಿಲಿಲ್ಲ, ಮೈತೂಕ ಇಳಿಯುತ್ತದೆ, ಅದರ ಮೇಲೆ ಬೀಳುವುದೂ ಜಾಸ್ತಿ. ಸೊಂಟದ ಮೂಳೆ ಮುರಿಯುವ ಸಂಭವ ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ವಿಟಮಿನ್ ಡಿ ಜೊತೆಗೆ ಬಿ12 ಕೂಡ ನೋಡಿಸಿ. 60,000 ಯೂನಿಟ್‌ನ ಸ್ಯಾಶೆಯನ್ನು ಡಾಕ್ಟರ್ ಹೇಳಿದಷ್ಟು ವಾರ ಮಾತ್ರ ಕೊಡಿ, ಅಂಗಡಿಯಿಂದ ತಂದು ಮುಂದುವರಿಸಬೇಡಿ. ಎಳೆ ಬಿಸಿಲಲ್ಲಿ ವಿಟಮಿನ್ ಡಿ ಅಷ್ಟಾಗಿ ಸಿಗುವುದಿಲ್ಲ. ನಾನು 11 ಗಂಟೆ ಹೊತ್ತಿಗೆ ನೀರು ಕುಡಿಸಿ, ಜಗಲಿಯಲ್ಲಿ ಕೈಕಾಲಿಗೆ ಬಿಸಿಲು ಬೀಳುವಂತೆ ಕಾಲು ಗಂಟೆ ಕೂರಿಸುತ್ತೇನೆ.

ಊಟದ ವಿಚಾರದಲ್ಲಿ ನನಗೆ ಹೆಚ್ಚು ತಲೆನೋವು ಕೊಟ್ಟಿದ್ದು ಹೊತ್ತು. ದಿನಕ್ಕೆ ಸುಮಾರು 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ, ಎಳ್ಳು, ನುಗ್ಗೆಸೊಪ್ಪು, ಮೊಸರು ಎಲ್ಲ ಸೇರಿದರೆ ಹತ್ತಿರ ಹೋಗುತ್ತೇವೆ. ಆದರೆ ಪಾರ್ಕಿನ್ಸನ್‌ಗೆ ಕೊಡುವ ಸಿಂಡೋಪಾ ಮಾತ್ರೆಯಲ್ಲಿರುವ ಲೆವೊಡೋಪಾ ಅನ್ನುವ ಔಷಧಿ ರಕ್ತಕ್ಕೆ ಸೇರುವುದಕ್ಕೆ ಹಾಲಿನ ಪ್ರೋಟೀನ್ ಅಡ್ಡ ಬರುತ್ತದೆ. ಹಾಲಿನಲ್ಲಿ ಮಾತ್ರೆ ನುಂಗಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ನಮ್ಮಲ್ಲಿ 7ಕ್ಕೆ ನೀರಿನ ಜೊತೆ ಮಾತ್ರೆ, 8ಕ್ಕೆ ಮಜ್ಜಿಗೆ ಹಾಕಿದ ರಾಗಿ ಗಂಜಿ. ಕಬ್ಬಿಣಾಂಶದ ಮಾತ್ರೆಗೂ ಸಿಂಡೋಪಾಗೂ ಎರಡು ಗಂಟೆ ಅಂತರ ಇರಲಿ. ಇನ್ನೊಂದು ಮಾತು ಮನಸ್ಸಿಗೆ ಕಷ್ಟವಾದರೂ ಹೇಳಲೇಬೇಕು: ನುಂಗುವುದು ನಿಧಾನವಾಗಿದ್ದರೆ ಮುದ್ದೆ ಬೇಡ. ಅಗಿಯದೆ ನುಂಗಿ ಬೆಳೆದ ಗಂಟಲು ಅದು, ಅವರು ಬಿಡಲೊಲ್ಲರು. ಒಂದು ದಿನ ತುತ್ತು ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಗಂಜಿ, ಅಂಬಲಿ, ಮೆತ್ತಗಿನ ರಾಗಿ ದೋಸೆ.

ಮೂಳೆಗೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆ ಬರೆದರೆ, ನುಂಗುವ ತೊಂದರೆ ಇದೆಯೇ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಬೇರೆ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು. ಬೆಳಗ್ಗೆ ಸಿಂಡೋಪಾ ಇಲ್ಲದೆ ಏಳಲಾಗದವರಿಗೆ ಆ ಅರ್ಧ ಗಂಟೆ ಬಹಳ ದೊಡ್ಡದು. ಅಲೆಂಡ್ರೊನೇಟ್ ಮಾತ್ರೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಇವರಿಗೆ ಅದರ ಬದಲು ಮೂಳೆಗೇ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೊಲೆಡ್ರೊನಿಕ್ ಆಸಿಡ್ ಹಾಕಿಸಿದೆವು. ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿದರು. ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಮುಗಿಸಿ ಅಂದರು. ಎರಡು ದಿನ ಜ್ವರ, ಮೈಕೈ ನೋವು ಇತ್ತು, ಆಮೇಲೆ ಇಳಿಯಿತು.

ಮೂಳೆ ಗಟ್ಟಿಯಾಗಲು ವರ್ಷಗಳು ಬೇಕು, ಬೀಳುವುದನ್ನು ಇವತ್ತೇ ತಡೆಯಬಹುದು. ಇವರು ಬೀಳುತ್ತಿದ್ದುದು ನಡೆಯುವಾಗಲ್ಲ, ತಿರುಗುವಾಗ. ನಿಂತಲ್ಲೇ ಗಕ್ಕನೆ ತಿರುಗಿದರೆ ಪಾದ ನೆಲಕ್ಕೆ ಅಂಟಿ, ಮೈ ಮಾತ್ರ ಮುಂದೆ ಹೋಗುತ್ತದೆ. "ಡಿಪೋದಲ್ಲಿ ಬಸ್ ತಿರುಗಿಸಿದ ಹಾಗೆ ದೊಡ್ಡ ಸುತ್ತು ಹಾಕಿ" ಅಂದೆ. ಅದು ಅವರಿಗೆ ಥಟ್ಟನೆ ಹಿಡಿಸಿತು. ಈಗಲೂ ಅಡುಗೆಮನೆ ಬಾಗಿಲಲ್ಲಿ ಕೈ ಸ್ಟೀರಿಂಗ್ ಹಿಡಿದ ಹಾಗೆ ಆಡುತ್ತದೆ, ಪಾದ ಒಂದೊಂದೇ ಎತ್ತಿ ಇಡುತ್ತಾರೆ. ಕಾಲು ಅಂಟಿದಾಗ ಎಳೆಯಬೇಡಿ. "ಒಂದು, ಎರಡು" ಎಣಿಸಿ, ಅಥವಾ ಹೊಸ್ತಿಲ ಮುಂದೆ ಬಣ್ಣದ ಟೇಪ್ ಅಂಟಿಸಿ ಅದನ್ನು ದಾಟಲು ಹೇಳಿ.

ಎದ್ದು ನಿಂತಾಗ ಬಿಪಿ ಇಳಿದು ಬೀಳುವುದೂ ಉಂಟು. ಮಲಗಿದ್ದಾಗ ಬಿಪಿ ನೋಡಿ, ನಿಂತು ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದರೆ ಡಾಕ್ಟರಿಗೆ ತಿಳಿಸಿ. ರಾತ್ರಿ ಮೂತ್ರಕ್ಕೆ ಏಳುವ ಮೊದಲು ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಲಿ, ದೀಪ ಉರಿಯುತ್ತಿರಲಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಪಂಚೆಯನ್ನು ಹಬ್ಬಕ್ಕೆ ಮಾತ್ರ ಇಟ್ಟಿದ್ದೇನೆ, ಮನೆಯಲ್ಲಿ ಕಣಕಾಲಿನವರೆಗಿನ ಪೈಜಾಮ ಹಾಕಿಸುತ್ತೇನೆ.